ಮುಟ್ಟಬೇಡಿ — ಬೊ.

ಮೊದಲ ದಿನ ಗೇಟು ನನ್ನನ್ನು ಗುರುತಿಸಲಿಲ್ಲ.
ಕಾರ್ಡು ಉಜ್ಜಿದೆ, ಕೆಂಪು. ತಿರುವಿ ಉಜ್ಜಿದೆ, ಕೆಂಪು.
ಕಾವಲಿನ ಲುದ್ವಿಕ್ ಕಿಟಕಿಯಿಂದ ಕತ್ತು ಚಾಚಿ
"ಯಾವ ಕೆಲಸಕ್ಕೆ?" ಅಂದ.
"ನೆಟ್‌ವರ್ಕಿಗೆ."
"ಹಾಗಾದರೆ ಈ ಗೇಟು ಸರಿಮಾಡಬೇಕಾದವನು ನೀನೇ"
ಅನ್ನುತ್ತಾ ಕೈಯಿಂದಲೇ ಅಗುಳಿ ತೆಗೆದ.

ಹನ್ನೊಂದು ವರ್ಷ ಬ್ಯಾಂಕಿನಲ್ಲಿದ್ದವನು ನಾನು, ಕತೊವಿತ್ಸೆಯಲ್ಲಿ.
ಬಿಳಿ ನೆಲ, ತಣ್ಣನೆ ಗಾಳಿ,
ಬೈತಲೆ ತೆಗೆದು ಬಾಚಿದಂಥ ಕೇಬಲ್ಲುಗಳು.
ಅಲ್ಲಿ ತಪ್ಪಾದರೆ ಯಾರಿಗೋ ಎರಡು ಕ್ಷಣ ತಡ.
ಇಲ್ಲಿ ಎನಾಮೆಲ್ ಪಾತ್ರೆ ಮಾಡುತ್ತಾರೆ:
ಹಾಲಿನದು, ಸೂಪಿನದು, ಉದ್ದ ಮೂತಿಯ ಕೆಟಲ್ಲು,
ಬಿಳಿ ಒಡಲು, ನೀಲಿ ಅಂಚು,
ಅಜ್ಜಿಯ ಒಲೆಯ ಮೇಲೆ ಒಂದು ಚಕ್ಕೆ ಎದ್ದೂ
ನಲವತ್ತು ವರ್ಷ ಬಾಳಿದಂಥವು.
ಸ್ವಿಚ್ಚಿನ ಫ್ಯಾನು ಬಿಚ್ಚಿದರೆ ಒಳಗೆ
ಜರಡಿ ಹಿಡಿದ ಹಿಟ್ಟಿನಂಥ ಧೂಳು.
ನನ್ನ ಹೆಸರು ಯಾರೂ ಕೇಳಲಿಲ್ಲ.
ಹತ್ತು ಗಂಟೆಯೊಳಗೆ ನಾನು "ಬ್ಯಾಂಕು" ಆಗಿದ್ದೆ.

ಮ್ಯಾನೇಜರು ಮಲ್ಗೊಜಾತಾ ಹೇಳಿದ್ದು ಎರಡೇ ಮಾತು:
ಎಲ್ಲ ಹೊಸದಾಗಬೇಕು. ಲೈನು ನಿಲ್ಲಬಾರದು.
ಹಾವೂ ಸಾಯಬೇಕು, ಕೋಲೂ ಮುರಿಯಬಾರದು.
ಹಾವು ಎಲ್ಲಿದೆ ಅಂತ ಕೇಳಿದ್ದಕ್ಕೆ
ಬೋಗ್ದಾನನ ನೋಟ್‌ಬುಕ್ಕು ಕೊಟ್ಟಳು.

ಬೋಗ್ದಾನ್ ನನಗಿಂತ ಮುಂಚಿನವನು.
ಈಗ ಯಾವುದೋ ಕೆರೆಯ ದಂಡೆಯಲ್ಲಿ ಮೀನು ಹಿಡಿಯುತ್ತಾನಂತೆ,
ಫೋನು ಎತ್ತುವುದಿಲ್ಲವಂತೆ.
ಕಾಗೆಕಾಲು ಗುಬ್ಬಿಕಾಲು ಅಕ್ಷರ:
"ಮೂರನೇ ಸ್ವಿಚ್ಚು ಸೋಮವಾರ ಮುನಿಯುತ್ತದೆ."
"ಪ್ರೆಸ್ ಏಳರ ವಿಳಾಸ ಬದಲಿಸಿದೆ, ಯಾಕೆಂದು ಮರೆತೆ."
ನಕ್ಷೆಯ ಪುಟ ಹರಿದಿತ್ತು,
ಅಥವಾ ಯಾವತ್ತೂ ಇರಲೇ ಇಲ್ಲ.

ಮತ್ತೆ, ಕುಲುಮೆಯ ನೆತ್ತಿಯ ಮೇಲೆ, ಏಣಿ ಹತ್ತಿದರೆ,
ತಂತಿಯಿಂದ ಕಂಬಿಗೆ ಕಟ್ಟಿದ ಹಳೇ ಎಂಟು ತೂತಿನ ಡಬ್ಬಿ,
ಅದರಿಂದ ಗೋಡೆಯೊಳಕ್ಕೆ ಹೋದ ಒಂದು ಹಳದಿ ಕೇಬಲ್ಲು.
ಪಕ್ಕದಲ್ಲಿ ಟೇಪು ಅಂಟಿಸಿ ಬರೆದದ್ದು:
ಮುಟ್ಟಬೇಡಿ — ಬೊ.

ಪಿಂಗ್ ಕಳಿಸಿದೆ. ಉತ್ತರವಿಲ್ಲ.
ಒಮ್ಮೆ ಕಿತ್ತಾಗ ಕುಲುಮೆ ಆರಿತು, ಅಂದ ಕುಲುಮೆಯವನು.
ಅವತ್ತು ಕರೆಂಟು ಹೋಗಿತ್ತು, ಅಂದ ಎಲೆಕ್ಟ್ರಿಶಿಯನ್.
ಇಬ್ಬರೂ ಸುಮ್ಮನೆ ನನ್ನ ಬೆರಳು ನೋಡಿದರು.
ನಾನು ಬೆರಳು ಜೇಬಿಗಿಟ್ಟು
ಲ್ಯಾಪ್‌ಟಾಪು ಹಚ್ಚಿ ಕೂತೆ, ಬೆವರುತ್ತ.
ಒಂದು ತಾಸಿನಲ್ಲಿ ಆರು ಪ್ಯಾಕೆಟ್ಟು,
ಹತ್ತು ನಿಮಿಷಕ್ಕೊಂದು, ಅಷ್ಟೇ.
ಕೂಗಿದರೆ ಓಗೊಡದ್ದು,
ತಾನಾಗೇ ಆಗಾಗ ಒಂದು ಮಾತು.

ಮೂರನೇ ದಿನ ಗೋಡೆಯ ಆಚೆ ಸಿಕ್ಕಿತು ಬಾಲ:
ಪ್ಯಾಕಿಂಗ್ ಹಾಲು, ಕಿಟಕಿಯಿಲ್ಲದ ಮೂಲೆ,
ಹಾಲಿನಾಳ ಮೇಜಿನ ಮೇಲ್ಗಡೆ
ಅಂಗೈಯಗಲದ ಒಂದು ಫಲಕ. 821.
ಅವಳು ಮರದ ಪುಟ್ಟ ಕೋಲಿನಿಂದ
ಒಂದೊಂದು ಪಾತ್ರೆಯನ್ನೂ ತಟ್ಟಿ ಕೇಳುತ್ತಿದ್ದಳು.
ಟಣ್. ಟಣ್. ಟಣ್. ಠಕ್.
ಠಕ್ ಎಂದದ್ದು ಬೇರೆ ಬುಟ್ಟಿಗೆ.

"ಅದಾ? ಬೋಗ್ದಾನ್ ಹಾಕಿಕೊಟ್ಟ.
ಕುಲುಮೆ ಹತ್ತು ಡಿಗ್ರಿ ಇಳಿದರೆ
ನಲವತ್ತು ನಿಮಿಷಕ್ಕೆ ಇಲ್ಲಿ ದನಿ ಒಡೆಯುತ್ತೆ.
ಅಷ್ಟರಲ್ಲಿ ಚಾ ಮುಗಿಸಿ ಕಿವಿ ಸರಿಮಾಡಿಕೊಳ್ತೀನಿ."
ಕೋಲು ನನ್ನ ಕೈಗಿಟ್ಟಳು.
ತಟ್ಟಿದೆ. ನನಗೆ ಎಲ್ಲವೂ ಟಣ್ ಎಂದೇ ಕೇಳಿಸಿತು.
ಅವಳು ಎರಡನ್ನು ಎತ್ತಿ ಬುಟ್ಟಿಗೆ ಹಾಕಿದಳು.

ಸಂಜೆ ಆ ಕೇಬಲ್ಲಿಗೆ ನನ್ನ ಮೊದಲ ಚೀಟಿ.
ಪ್ರಿಂಟರಿನಲ್ಲಿ ಹನ್ನೆರಡು ಅಕ್ಷರ ಹಿಡಿಯುತ್ತದೆ:
ನಿಯಮದಂತೆ ಹಾಲು, ಸಾಲು, ತೂತಿನ ಸಂಖ್ಯೆ.
ಒತ್ತಿದೆ. ಅಳಿಸಿದೆ.
ಪೆನ್ನು ತೆಗೆದು ಬೋಗ್ದಾನನ ಟೇಪಿನ ಕೆಳಗೇ ಬರೆದೆ:
ಇದು ಹಾಲಿನಾಳ ಕಿವಿಗೆ. — ಬ್ಯಾಂಕು.

ಹೊರಗೆ ಹಿಮ ಕೊಳಕಾಗಿತ್ತು.
ಕಾರ್ಡು ಉಜ್ಜಿದೆ, ಕೆಂಪು.
ಲುದ್ವಿಕ್ ಬ್ರೆಡ್ಡು ಅಗಿಯುತ್ತಲೇ ಎದ್ದ,
ಅಗುಳಿ ತೆಗೆದ, ಕೇಳಿದ:
"ನಾಳೆ ಗೇಟಾ?"
"ನಾಳೆ ಸೋಮವಾರ," ಅಂದೆ,
"ಮೂರನೆಯದು ಮುನಿಯುತ್ತದೆ."