ಗರಿಗಳ ಭಾನುವಾರ, ಸತುವಿನ ದಿಬ್ಬ

ಕುಲುಮೆ ತಣ್ಣಗಾಗಿ ಎಷ್ಟೋ ಕಾಲ.
ಸಿಲೇಸಿಯಾದ ಈ ಕಿಟ್ಟದ ದಿಬ್ಬದಲ್ಲಿ
ನೆಟ್ಟದ್ದರಲ್ಲಿ ವಿಲೋ ಮಾತ್ರ ಹತ್ತಿದೆ.

ಗೆರ್ಟ್ರೂಡಾ ಬ್ಲೇಡಿನಿಂದ ಬೇರು ಸೀಳಿ
ನೀಲಿಯಲ್ಲಿ ಅದ್ದಿ ಮಸೂರಕ್ಕೆ ಕಣ್ಣಿಟ್ಟಳು:
ಕೋಶಗಳ ಸಂದಿಯಲ್ಲಿ ಎಳೆಎಳೆ ಶಿಲೀಂಧ್ರ,
ಬಾಡಿಗೆ ಕೊಡದ ಒಕ್ಕಲು.
ಮರದ ಸಕ್ಕರೆ ತಿಂದು
ಸತುವನ್ನು ತನ್ನ ಮೈಗೇ ಮೆತ್ತಿಕೊಂಡಿದೆ.
ಉಂಡ ಮನೆಗೆ ಎರಡು ಬಗೆದಿಲ್ಲ.
ತಡೆದಷ್ಟು ತಡೆದು, ಉಳಿದದ್ದು
ಮೇಲೇರಿದೆ, ಮೊಗ್ಗಿನವರೆಗೆ.

ಅಪ್ಪ ಅಲೋಯ್ಸ್ ಅದೇ ದಿಬ್ಬದಿಂದ
ಕಡ್ಡಿ ಮುರಿದು ಚರ್ಚಿಗೆ ಹೋಗಿ ಬಂದ:
ಹರಸಿದ ಮೊಗ್ಗು ನುಂಗಿದರೆ
ವರ್ಷವೆಲ್ಲ ಗಂಟಲು ಕೆಡದಂತೆ.

"ಇದು ಬೇಡಪ್ಪ. ಆಗಲೇ
ಏನೇನೋ ನುಂಗಿ ಕೂತಿದೆ ಇದು."

ಕೆಮ್ಮಿದ.
ಮೂವತ್ತೊಂದು ವರ್ಷ ಕುಲುಮೆಯ ಬಾಯಿಗೆ ನಿಂತವನು.
"ನಾನೂ," ಅಂದ,
ಕಡ್ಡಿಯನ್ನು ನೀರಿಗಿಟ್ಟ.