ಒಂದು ಚೀಟಿಯ ಅಳತೆ

ಹುಬ್ಬಳ್ಳಿಯಲ್ಲಿ ಮೂರು ದಿನದ ತರಬೇತಿ ಮುಗಿಸಿ
ತದಡಿಯ ಬೋಟು ರಿಪೇರಿ ಯಾರ್ಡಿಗೆ ಮರಳುವಾಗ
ನನ್ನ ಚೀಲದಲ್ಲಿ ನಾಲ್ಕು ಬಣ್ಣದ ಅಂಟುಚೀಟಿ,
ಒಂದು ಮಾರ್ಕರು.
ಮುರಿದ ಹ್ಯಾಚಿನ ಬಾಗಿಲಿಗೆ ಸುಣ್ಣ ಬಳಿದು
ಎರಡು ಗೆರೆ ಎಳೆದೆ, ಮೂರು ಮನೆಯಾಯಿತು:
ಬಾಕಿ. ನಡೀತಾ ಇದೆ. ಆಯ್ತು.

ಜೂನಿನ ಗಾಳಿಗೆ ಮೊದಲ ರಾತ್ರಿಯೇ ಅಂಟು ಬಿಟ್ಟಿತು.
ಬೆಳಿಗ್ಗೆ ನೋಡಿದರೆ ಎಂಜಿನ್ನು, ಗೇರುಬಾಕ್ಸು, ಬಲೆಯ ಸೀಸ
ಎಲ್ಲ ಕೆಸರಲ್ಲಿ ಬೋರಲು ಬಿದ್ದಿದ್ದವು.
"ಎಲ್ಲಾ ಮುಗೀತಲ್ಲ ಮಾರಾಯ್ತಿ, ಮನೆಗೆ ಹೋಗುವನಾ?"
ಎಂದ ಪುರುಸು ಮೇಸ್ತ.
ಆಮೇಲೆ ತಾನೇ ತಾಮ್ರದ ಮೊಳೆಯ ಡಬ್ಬಿ ತಂದಿಟ್ಟ.
ಹಳೆ ಮದುವೆ ಕಾಗದದ ಬೆನ್ನೇ ಈಗ ಚೀಟಿ.

ಹದಿನೈದು ದಿನದ ಕಂತಿಗೆ 'ಓಟ' ಅನ್ನಬೇಕಂತೆ.
ಈ ಕೊಚ್ಚೆಯಲ್ಲಿ ಯಾರು ಓಡುತ್ತಾರೆ?
ಅಮಾಸೆಯಿಂದ ಹುಣ್ಣಿಮೆ, ಅಂದೆವು.
ದೊಡ್ಡ ಭರತ ಬರುವುದು ಆಗಲೇ,
ಬೋಟು ನೀರಿಗೆ ಜಾರುವುದೂ ಆಗಲೇ.
ಗಡುವು ಕೊಡುವವಳು ನಾನಲ್ಲ ಎಂದಾದ ಮೇಲೆ
ಜಗಳವೂ ಕಡಿಮೆಯಾಯಿತು.

ದಿನಾ ಎಂಟಕ್ಕೆ ಹಲಗೆಯ ಮುಂದೆ, ನಿಂತೇ ಮಾತು.
ನಿನ್ನೆ ಎಂತ, ಇಂದು ಎಂತ, ಅಡ್ಡ ಎಂತ.
ಮಂಡಿನೋವಿನ ಕಾಯ್ತಾನ ಬೋಟಿನ ಹೊಟ್ಟೆಗೊರಗಿ
ದಿನವೂ ಒಂದೇ ಅಡ್ಡ ಹೇಳುತ್ತಾನೆ: "ಮಳೆ."
ಬರೆದುಕೊಳ್ಳುತ್ತೇನೆ.

ಕೆಲಸದ ಗಾತ್ರಕ್ಕೆ ಅಂಕಿ ಕೇಳಿದರೆ ಎಲ್ಲರೂ ಮೂಕರು,
ಮೀನು ಅಂದೊಡನೆ ಬಾಯಿ ಬಂತು.
ಶೆಟ್ಲಿ, ತಾರ್ಲೆ, ಬಂಗಡೆ, ಇಸ್ವಾಣ;
ಒಂದು ಹುಣ್ಣಿಮೆಗೆ ಮುಗಿಯದ್ದು ತಿಮಿಂಗಿಲ.
ಹಳೆ ಇಸ್ಪೀಟಿನ ಮೇಲೆ ಬರೆದು ಹಂಚಿದೆ.
ಒಂದೇ ಸಲ ತಿರುವಬೇಕು, ಪಕ್ಕದವರದು ನೋಡಬಾರದು,
ಎಲ್ಲರಿಗಿಂತ ಬೇರೆ ಹಾಕಿದವರು ಯಾಕೆಂದು ಹೇಳಬೇಕು.
ಅದು ನಿಯಮ.
ಶಾಫ್ಟು ಕೂರಿಸುವುದಕ್ಕೆ ಎಲ್ಲರೂ ಬಂಗಡೆ ಹಾಕಿದಾಗ
ಹಮ್ಜಾ ಒಬ್ಬ ಇಸ್ವಾಣ ಹಾಕಿದ:
ಬುಷ್ ಸವೆದದ್ದು ಅವನಿಗಷ್ಟೇ ಗೊತ್ತಿತ್ತು.

ಕಡೆಯ ಚೀಟಿ ಸೇವಂತಿ ಹರಿಕಂತ್ರಳ ಬೋಟಿನದು.
ಮೂತಿಗೆ ಹೆಸರು ಬರೆಯುವುದು.
ಪೇಂಟರ್ ವಿಠೋಬ ಶೆಟ್ಲಿ ತಿರುವಿದ: ಅರ್ಧ ಗಂಟೆ, ಬಿಸಿಲಿದ್ದರೆ.
ಪುರುಸು ಶೆಟ್ಲಿ. ಕಾಯ್ತಾನ ಶೆಟ್ಲಿ. ಹಮ್ಜಾ ಶೆಟ್ಲಿ.
ಮಾಲೀಕಳಿಗೂ ಒಂದು ಕಟ್ಟು ಕೊಟ್ಟಿದ್ದೆ.
ಅವಳ ಎಲೆಯಲ್ಲಿ ತಿಮಿಂಗಿಲ.

ಯಾಕೆಂದು ಯಾರೂ ಕೇಳಲಿಲ್ಲ.
ಉಜ್ಜಿ ಅಳಿಸಿದ ಹಳೆಯ ಹೆಸರು
ಮೂರು ಕೋಟು ಬಣ್ಣದ ಕೆಳಗಿಂದ
ಓರೆ ಬಿಸಿಲಿಗೆ ಇನ್ನೂ ಉಬ್ಬಿ ಕಾಣುತ್ತಿತ್ತು.
ನಿಯಮ ತಂದವಳು ನಾನೇ,
ಮಾರ್ಕರಿನ ಮುಚ್ಚಳ ಹುಡುಕುತ್ತ ನಿಂತೆ.

ಉಳಿದ ಕೆಲಸದ ಗೆರೆ ಗೋಡೆಯ ಮೇಲೆ
ಇಳಿತದ ನೀರಿನಂತೆ ಇಳಿಯುತ್ತ ಬಂದು
ಜುಲೈ ಕೊನೆಗೆ ತಳದಿಂದ ಒಂದು ಬೆರಳು ಮೇಲೆ ನಿಂತಿತು.
ಆ ಬೆರಳು ಯಾವುದರದೆಂದು ವರದಿಯಲ್ಲಿ ಬರೆಯಲಿಲ್ಲ.
ಬೋಟು ಬರೇ ನಂಬರಿನಲ್ಲಿ ಅಳಿವೆ ದಾಟಿತು.

ನವೆಂಬರಿನ ಒಂದು ಬೆಳಿಗ್ಗೆ ಶೆಡ್ಡಿಗೆ ಬಂದರೆ
ಚೀಟಿ 'ಆಯ್ತು' ಮನೆಯಲ್ಲಿದೆ.
ಮೊಳೆ ಹೊಸದು, ಹೊಡೆದ ಕೈ ಯಾರದೋ.
ದಕ್ಕೆಗೆ ಓಡಿದೆ. ಮೂತಿಯಲ್ಲಿ
ಅದೇ ಬೂದು ಬಣ್ಣದ ಖಾಲಿ ಜಾಗ.
ಸೇವಂತಿ ಐಸಿನ ಗಡ್ಡೆ ಎಣಿಸುತ್ತಿದ್ದಳು, ತಲೆ ಎತ್ತಲಿಲ್ಲ.
"ಎಂತದೇ, ಸರಿಯಾದ ಮನೆಯಲ್ಲೇ ಇದ್ಯಲ್ಲ?"
ಇದೆ, ಅಂದೆ.