ಇಪ್ಪತ್ತೊಂದನೇ ದಿನ

ಫ್ರಿಜ್ಜಿನಿಂದ ಈಗಷ್ಟೇ ತೆಗೆದ ರಕ್ತ
ಬಳ್ಳಾರಿ ಬಿಸಿಲಾಗೂ ಕೈ ನಡುಗಸ್ತೈತಿ.
ಸೆರಗಿನೊಳಗ ಚೀಲ ಇಟ್ಕೊಂಡು ಕುಂತೀನಿ
ಬೆಚ್ಚಗಾಗಲಿ ಅಂತ.
ತಣ್ಣಂದು ಹಂಗೇ ಏರಿಸಿದ್ರ
ಗಾದಿಲಿಂಗನ ತೋಳು ಮರಗಟ್ತೈತಿ.

ಯಾರದವ್ವಾ ಇದು, ಅಂತಾನ.
ಯಾರದೋ, ಅಂತೀನಿ.
ಹೋದ ಸಲದ್ದು ಉರೀತಿತ್ತು,
ಮಿರ್ಚಿ ತಿಂದು ಕೊಟ್ಟಿರಬೇಕು, ಅಂತಾನ.
ಏಳು ವರ್ಷದವ.
ಒಂದೊಂದು ಚೀಲಕ್ಕ ಒಂದೊಂದು ಮುಖ ಮಾಡಿಟ್ಟಾನ.

ಸುಗುಣಾ ಸಿಸ್ಟರು ನರ ಹುಡುಕುವಾಗ
ಮೊಣಕೈ ಒತ್ತಿ ಹಿಡಿಯೋದು ನನ್ನ ಕೆಲಸ.
ಜೀನ್ಸಿನ ಜೇಬು ಹೊಲ್ದು ಹೊಲ್ದು ನೀಲಿ ಹಿಡಿದ ಬೆರಳು,
ಅವನ ಬಿಳಚಿದ ಚರ್ಮದ ಮ್ಯಾಲೆ
ಬಣ್ಣ ಯಾವುದು, ನರ ಯಾವುದು ತಿಳಿಯಂಗಿಲ್ಲ.
ಆವಾಗ ಅವ ನೋಡ್ತಾನಲ್ಲ,
ಸೂಜೀನಲ್ಲ, ಸಿಸ್ಟರನ್ನಲ್ಲ,
ನನ್ನ.

ಕೌಲ್ ಬಜಾರಿನ ಓಣ್ಯಾಗ ಕಾರಣಕ್ಕೇನೂ ಕಮ್ಮಿ ಇಲ್ಲ.
ಹೋದ ಜನ್ಮದ್ದು, ಅಂದ್ಲು ಎದುರು ಮನಿ ನಾಗವೇಣಿ,
ಉಪ್ಪಿನಕಾಯಿ ಬಟ್ಲ ವಾಪಸ್ ಕೊಡಾಕ ಬಂದಾಕಿ.
ಚಿನ್ನಾನೇ ಬೆಂಕ್ಯಾಗ ಇಟ್ಟು ನೋಡ್ತಾರ, ಕಲ್ಲನ್ನಲ್ಲ,
ಅಂದ್ರು ಪ್ರವಚನದ ಅಯ್ಯನೋರು.
ನನ್ನ ಹತ್ರಾನೂ ಹತ್ತು ಗ್ರಾಂ ಇತ್ತು ಸ್ವಾಮಿ,
ಗಿರವಿ ಅಂಗಡ್ಯಾಗ ಐತಿ.
ತಾಯಿ ಕೂಸಿಗೆ ಕಹಿ ಮದ್ದು ಕುಡಿಸಂಗಿಲ್ಲೇನು,
ದೇವರೂ ಹಂಗ, ಅಂದ ನಮ್ಮಣ್ಣ.
ಮದ್ದು ಕುಡಿಸ್ತೀನಿ, ಖರೆ.
ರೋಗಾನೂ ನಾನೇ ಕುಡಿಸ್ತೀನೇನು?
ಅಂತ ಜಗಳ ತೆಗೆದೆ, ಮೂರು ತಿಂಗಳು ಮಾತು ಬಿಟ್ಟೆ.

ಆಮ್ಯಾಲೆ ಬಂತು ರಿಪೋರ್ಟು.
ನಂದೊಂದು, ನನ್ನ ಗಂಡಂದೊಂದು.
ಅರ್ಧ ನಿಂದು, ಅರ್ಧ ಅವರದು, ಅಂದ್ರು ಡಾಕ್ಟರಮ್ಮ,
ನಿಮ್ಮಿಬ್ಬರಿಗೂ ಏನೂ ಆಗಂಗಿಲ್ಲ,
ಎರಡರ್ಧ ಕೂಡಿದ್ದು ಕೂಸಿನೊಳಗ.

ರೋಗಾನೂ ನಾನೇ ಕುಡಿಸಿದ್ದೆ.

ಸುಂಕ್ಲಮ್ಮಜ್ಜಿ ಸೋದರಮಾವನ ಮಗಗೇ ಕೊಟ್ಟಿದ್ಲು ನನ್ನ,
ಹೊರಗ ಕೊಟ್ರ ಏನೋ ಎಂತೋ,
ಕಣ್ಣೆದುರಿಗೆ ಇರ್ಲಿ ಕೂಸು, ಅಂತ.
ಅಕ್ಕಿಕಾಳು ಬೀಳುವಾಗ ಖುಷೀಲೆ ಅತ್ತಿದ್ಲು.
ಎಲ್ಲಾ ಪ್ರೀತೀಲೇ ಆಗಿದ್ದು.
ಹಗೆಂಬೋದು ಒಂದು ಹನಿ ಇರಲಿಲ್ಲ ಅದರಾಗ.

ಅವತ್ತಿಂದ ದೇವರೇ,
ನಿನ್ನ ಬೈಯಾಕ ಬಾಯಿ ಬರವಲ್ದು.
ನಿಂಗೂ ಗೊತ್ತಿರಲಿಲ್ಲೇನು?
ನಮ್ಮನ್ನ ಮಾಡೋ ಹೊತ್ತಿಗೆ ನಿನ್ನೊಳಗೂ
ಏನೋ ಒಂದು ಅರ್ಧ ಇತ್ತೇನು,
ನಿಂಗ ಒಂದಿನಾನೂ ಜ್ವರ ಬರಿಸದ್ದು,
ನಮ್ಮೊಳಗ ಬಂದು ಪೂರಾ ಆದದ್ದು?
ಲ್ಯಾಬಿನ ಕಿಟಕಿ ಮುಂದ ನೀನೂ ನಿಂತಿದ್ದೇನು
ಚೀಟಿ ಹಿಡ್ಕೊಂಡು,
ಓದಾಕ ಬರದ, ಪಕ್ಕದವರ ಕೈಗೆ ಕೊಟ್ಟು?

ತಪ್ಪಿರಬಹುದು. ಐದನೇತ್ತಿಗೇ ಸಾಲಿ ಬಿಟ್ಟಾಕಿ ನಾನು.
ಗೊತ್ತಿದ್ದೂ ಮಾಡೀದಿ ಅಂದ್ರ ಮಾತ್ರ
ನಿಂಜೊತಿ ನಂದೇನೂ ಮಾತಿಲ್ಲ.

ಇನ್ನೊಂದು ಐತಿ.
ಕೊಟ್ಟವರ ರಕ್ತದಾಗಿನ ಕಬ್ಬಿಣ ಮೈಯಾಗ ಉಳೀತದಂತ,
ಎದಿಗೆ, ಲಿವರಿಗೆ ಕೂಡ್ತದಂತ.
ಅವರಪ್ಪ ಸಂಡೂರಿಂದ ಟಿಪ್ಪರಿನಾಗ ಅದಿರು ಹೊಡೀತಾನ,
ಕಿವಿ ತುಂಬ ಕೆಂಪು ಹುಡಿ ತರ್ತಾನ.
ಮಗನೊಳಗಿನ ಕಬ್ಬಿಣಕ್ಕ ಗಣೀನೂ ಇಲ್ಲ, ಪರ್ಮಿಟ್ಟೂ ಇಲ್ಲ,
ದಿನಾ ಒಂದು ಗುಳಿಗಿ, ನೀರಾಗ ಕದಡಿ.
ಬದುಕಿಸೋದೇ ಕೊಲ್ಲಾಕ ಬರ್ತದ,
ಅದನ್ನ ತಡ್ಯಾಕ ಇನ್ನೊಂದು.
ಯಾರು ಹಿಂಗ ಹೊಲ್ದರೋ ಇದನ್ನ!
ನಾನಾಗಿದ್ರ ಹೊಲಿಗಿ ಬಿಚ್ಚಿ ಮತ್ತೊಮ್ಮೆ ಹೊಲೀತಿದ್ದೆ,
ಪೀಸಿಗೆ ಮೂರೇ ರೂಪಾಯಿ ಕೊಟ್ರೂ.

ಇಲ್ಲಿ ಬೆಂಚಿನ ಮ್ಯಾಲೆ ಜಾಗ ಐತಿ.
ಹೊಸಪೇಟಿಯಿಂದ ಬರಾಕಿ, ಆಕಿ ಮಗಳು
ಇವತ್ತು ಬಂದಿಲ್ಲ.
ಯಾಕಂತ ನಾವ್ಯಾರೂ ಕೇಳಿಲ್ಲ.
ಬಂದ್ರ ಕೂಡು.
ಕಾರಣ ಹೇಳಬ್ಯಾಡ, ಹೇಳಿದ್ರ ಎದ್ದು ಹೋಗ್ತೀನಿ.
ಸುಮ್ಕ ಈ ಚೀಲ ಸ್ವಲ್ಪ ಹೊತ್ತು ಹಿಡಿ,
ನನ್ನ ಮೈಯಾಗಿನ ಬಿಸಿ ಸಾಲವಲ್ದು.
ಹುಡುಗನ್ನ ಉಚ್ಚೀಗೆ ಕರ್ಕೊಂಡು ಹೋಗಿ ಬರ್ತೀನಿ,
ಆಮ್ಯಾಲೆ ಮೂರು ತಾಸು
ಏಳಂಗಿಲ್ಲ ಅವ.